ಕೂಸು ನೋಡಿಕೊಳ್ಳುವವರ ಕಸುಬು

ಮಗು ಚಿಕ್ಕದಾದಷ್ಟೂ ಅದನ್ನು ನೋಡಿಕೊಳ್ಳುವವರ ಸಂಬಳವೂ ಚಿಕ್ಕದಾಗುತ್ತದೆ. ಕಾಲೇಜಿನ ಉಪನ್ಯಾಸಕರಿಂದ ಹೈಸ್ಕೂಲಿನ ಮೇಷ್ಟರಿಗೆ, ಅಲ್ಲಿಂದ ಪ್ರಾಥಮಿಕ ಶಾಲೆಗೆ, ಅಂಗನವಾಡಿಗೆ, ಕೊನೆಗೆ ಡೇಕೇರಿನ ಆಯಾವರೆಗೆ ಇಳಿದು ಬಂದರೆ ಪ್ರತಿ ಮೆಟ್ಟಿಲಿನಲ್ಲೂ ದುಡ್ಡು, ಕೇಳುವ ಓದು, ಸಿಗುವ ಮರ್ಯಾದೆ ಮೂರೂ ಕರಗುತ್ತವೆ. ಮಿದುಳಿನ ಬೆಳವಣಿಗೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅದರ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಮುಗಿಯುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಎಳೆಗೂಸಿನ ಆರೈಕೆಯನ್ನು ಒಂದು ವೃತ್ತಿ ಎಂದು ಒಪ್ಪುತ್ತೇವೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಬೆಂಗಳೂರಿನ ಹೊರಮಾವಿನಲ್ಲಿ ಈ ಪ್ರಶ್ನೆಗೆ ದಿನ ಬೆಳಗಾದರೆ ಕೆಲಸ. ಕೆರೆ, ಹೊಲಗಳ ಈ ಊರು 2007ರಲ್ಲಿ ಪಾಲಿಕೆಯ ಗಡಿಯೊಳಗೆ ಬಂತು. ಈಗ ಹೊರವರ್ತುಲ ರಸ್ತೆಯ ಮೇಲೆ ಮೆಟ್ರೊ ಕಂಬಗಳು, ಒಳಗೆ ಅಪಾರ್ಟ್‌ಮೆಂಟಿನ ಮೇಲೆ ಅಪಾರ್ಟ್‌ಮೆಂಟು. ಗಂಡ ಹೆಂಡತಿ ಇಬ್ಬರೂ ಮಾನ್ಯತಾ ಟೆಕ್ ಪಾರ್ಕಿಗೋ ವೈಟ್‌ಫೀಲ್ಡಿಗೋ ಹೊರಡುವ ಮನೆಗಳಲ್ಲಿ ಮಗುವಿನ ಅಜ್ಜಿ ಇರುವುದು ಹಾಸನದಲ್ಲಿ, ತ್ರಿಶ್ಶೂರಿನಲ್ಲಿ, ಗುವಾಹಟಿಯಲ್ಲಿ. ಹಾಗಾಗಿ ಅಡ್ಡರಸ್ತೆಗಳಲ್ಲಿ ಪ್ಲೇಹೋಮು, ಡೇಕೇರುಗಳ ಬೋರ್ಡು. ಅದೇ ಅಪಾರ್ಟ್‌ಮೆಂಟಿಗೆ ಅಡುಗೆ ಮಾಡಲು ಬರುವಾಕೆ ತನ್ನ ಮಗುವನ್ನು ಪಕ್ಕದ ಮನೆಯವರ ಕೈಗೋ ದೊಡ್ಡ ಮಗಳ ಸೊಂಟಕ್ಕೋ ಕೊಟ್ಟು ಬಂದಿರುತ್ತಾಳೆ. ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮತ್ತೊಂದು ಕೂಸು.

ಕಾನೂನು ಈ ಮೂರು ಕೂಸುಗಳನ್ನು ಬೇರೆ ಬೇರೆಯಾಗಿ ಕಾಣುತ್ತ ಬಂದಿದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದೆಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಶಿಶುಪಾಲನಾ ಕೋಣೆ ಬೇಕಾಗುತ್ತಿದ್ದದ್ದು 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ. ನಾಲ್ಕಂತಸ್ತಿನ ಮನೆ ಕಟ್ಟುವಲ್ಲಿ ಅಷ್ಟು ಹೆಂಗಸರು ಎಲ್ಲಿರುತ್ತಾರೆ? ಮನೆಗೆಲಸದವಳಂತೂ ಯಾವ ಲೆಕ್ಕದಲ್ಲೂ ಇಲ್ಲ.

ಉಳಿದವರಿಗೆ ಅಂಗನವಾಡಿ ಇದೆ ಎನ್ನಬಹುದು. ಇದೆ, ಮತ್ತು ಅದು ದೊಡ್ಡ ಸಾಧನೆಯೂ ಹೌದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಸಿಕ್ಕ ತಾಲ್ಲೂಕು ಟಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಆದರೆ ಅಲ್ಲಿ ಕೂತು ಕಲಿಯುವುದು ಮೂರರಿಂದ ಆರು ವರ್ಷದವರು. ಮೂರರೊಳಗಿನ ಕೂಸಿಗೆ ಸಿಗುವುದು ಮುಖ್ಯವಾಗಿ ಮನೆಗೆ ಒಯ್ಯುವ ಆಹಾರದ ಪೊಟ್ಟಣ, ಲಸಿಕೆಯ ನೆನಪು, ತೂಕದ ದಾಖಲೆ. ದಿನವಿಡೀ ಎತ್ತಿಕೊಳ್ಳುವ ಕೈ ಸಿಗುವುದಿಲ್ಲ.

ಇಷ್ಟು ದೊಡ್ಡ ವ್ಯವಸ್ಥೆಯನ್ನು ಹೊತ್ತ ಹೆಂಗಸರು ಸರ್ಕಾರದ ಕಣ್ಣಿನಲ್ಲಿ ಯಾರು? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕದಿಂದಲೇ. ಕರ್ನಾಟಕ ರಾಜ್ಯ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ 2006ರ ಡಿಸೆಂಬರಿನಲ್ಲಿ ಬಂದ ತೀರ್ಪು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಹದಿನೈದು ವರ್ಷಗಳ ಬಳಿಕ, 2022ರ ಏಪ್ರಿಲಿನಲ್ಲಿ, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಇಷ್ಟಾದರೂ ಇವರ ಕೈಗೆ ಬರುವುದಕ್ಕೆ ಇಂದಿಗೂ ಸಂಬಳವೆಂಬ ಹೆಸರಿಲ್ಲ, ಗೌರವಧನ. ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ್ದು ಕಾರ್ಯಕರ್ತೆಗೆ ತಿಂಗಳಿಗೆ ₹4,500, ಸಹಾಯಕಿಗೆ ₹2,250. ಮೇಲಿನದನ್ನು ರಾಜ್ಯ ಸೇರಿಸಬೇಕು. 2025ರ ರಾಜ್ಯ ಬಜೆಟ್ಟು ಕಾರ್ಯಕರ್ತೆಯರಿಗೆ ₹1,000, ಸಹಾಯಕಿಯರಿಗೆ ₹750 ಹೆಚ್ಚಿಸಿತು. ಅಂಥ ಏರಿಕೆಗಾಗಿ ಇವರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಎಷ್ಟು ಸಲ ರಾತ್ರಿ ಮಲಗಿದ್ದಾರೆ ಎಂಬುದನ್ನು ಬೆಂಗಳೂರಿನ ಜನ ಕಂಡಿದ್ದಾರೆ.

‘ಮಗು ಸಾಕುವುದಕ್ಕೆ ಡಿಪ್ಲೊಮಾ ಯಾಕೆ, ಹೆತ್ತವರೆಲ್ಲ ಕಲಿತೇ ಸಾಕಿದರೇ?’ ಇದು ಹಳೆಯ ಮಾತು, ತಳ್ಳಿಹಾಕುವಂಥದ್ದೂ ಅಲ್ಲ. ಬಾಣಂತಿಗೆ, ಕೂಸಿಗೆ ಎಣ್ಣೆ ನೀರು ಹಾಕುವ ಅಜ್ಜಿಯರ ಕೈಯಲ್ಲಿರುವ ತಿಳಿವಳಿಕೆ ಯಾವ ಕೋರ್ಸಿನಿಂದಲೂ ಬಂದದ್ದಲ್ಲ. ಆದರೆ ಸ್ವಂತದ ಒಂದು ಮಗುವನ್ನು ಸಾಕುವುದೇ ಬೇರೆ, ಪರರ ಐದು ಮಕ್ಕಳನ್ನು ದಿನಕ್ಕೆ ಹತ್ತು ಗಂಟೆ ನೋಡಿಕೊಳ್ಳುವುದೇ ಬೇರೆ. ಹತ್ತು ತಿಂಗಳ ಮಗು ಹೆಸರು ಕರೆದರೂ ತಿರುಗುತ್ತಿಲ್ಲವೆಂದರೆ ಕಿವಿ ಪರೀಕ್ಷೆ ಮಾಡಿಸಬೇಕೆಂದು ಹೊಳೆಯಬೇಕು. ಗಂಟಲಿಗೆ ಕಡಲೆ ಸಿಕ್ಕಿಕೊಂಡ ಕ್ಷಣದಲ್ಲಿ ಕೈ ನಡುಗಬಾರದು. ಬಟ್ಟೆ ಬದಲಿಸುವಾಗಲೂ ಮಾತನಾಡುತ್ತಲೇ ಇರಬೇಕು, ಮಗುವಿನ ಅರ್ಧಂಬರ್ಧ ಸದ್ದಿಗೆ ಉತ್ತರ ಕೊಡಬೇಕು. ಹೊರಮಾವಿನಂಥ ಕಡೆ ಇದು ಇನ್ನಷ್ಟು ಸೂಕ್ಷ್ಮ. ಮನೆಯಲ್ಲಿ ಮಲಯಾಳವೋ ಬಂಗಾಳಿಯೋ, ಬೋರ್ಡಿನ ಮೇಲೆ ಇಂಗ್ಲಿಷ್, ಆಯಾಗೆ ಬರುವುದು ಕನ್ನಡ ಅಥವಾ ತೆಲುಗು. ಇಂಗ್ಲಿಷಿನಲ್ಲೇ ಮಾತಾಡು ಎಂಬ ಒತ್ತಾಯಕ್ಕೆ ಆಕೆ ಮೂಕಳಾದರೆ ಮಗು ಕಳೆದುಕೊಳ್ಳುವುದು ಮಾತನ್ನೇ. ತನ್ನ ನುಡಿಯಲ್ಲಿ ಬಾಯ್ತುಂಬ ಮಾತಾಡುವ ಆಯಾ, ಬಾಯಿಪಾಠದ ಇಂಗ್ಲಿಷ್ ಪದ್ಯಕ್ಕಿಂತ ಎಷ್ಟೋ ಮೇಲು.

ಇಂಥ ಕೆಲಸದ ಫಲ ಅಳೆಯಲು ಬರುತ್ತದೆ. 1986ರ ಸುಮಾರಿಗೆ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕುಂಠಿತ ಬೆಳವಣಿಗೆಯ 129 ಬಡ ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ತರಬೇತಿ ಪಡೆದ ಆರೋಗ್ಯ ಸಹಾಯಕಿಯರು ಎರಡು ವರ್ಷ ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ತಾಯಿಯನ್ನೂ ಸೇರಿಸಿಕೊಂಡು ಆಡಿಸಿದರು. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ, ಆಟವಾಡಿ ಬೆಳೆದವರ ಗಳಿಕೆ ಉಳಿದವರಿಗಿಂತ ಸುಮಾರು ಶೇ 25 ಹೆಚ್ಚಿತ್ತು. ಆ ಸಹಾಯಕಿಯರು ದೊಡ್ಡ ಪದವೀಧರೆಯರಲ್ಲ. ಕೆಲಸವನ್ನು ಕ್ರಮವಾಗಿ ಕಲಿತಿದ್ದರು, ಅಷ್ಟೆ.

ಪಕ್ಕದ ತಮಿಳುನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. ಅಲ್ಲಿನ 640 ಅಂಗನವಾಡಿಗಳಲ್ಲಿ ಅರ್ಧದಷ್ಟಕ್ಕೆ, ಪಾಠ-ಆಟಕ್ಕೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚುವರಿಯಾಗಿ ಕೊಟ್ಟು ಅರ್ಥಶಾಸ್ತ್ರಜ್ಞರಾದ ಗಣಿಮಿಯನ್, ಕಾರ್ತಿಕ್ ಮುರಳೀಧರನ್, ವಾಲ್ಟರ್ಸ್ ಪರೀಕ್ಷಿಸಿದರು. ಕಲಿಕೆಯ ಸಮಯ ಎರಡರಷ್ಟಾಯಿತು, ಭಾಷೆ ಮತ್ತು ಲೆಕ್ಕ ಸುಧಾರಿಸಿದವು. ಮೊದಲಿನ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಮಕ್ಕಳ ಅಪೌಷ್ಟಿಕತೆಯೂ ಇಳಿಯಿತು. ಇದನ್ನು ಓದಿದ ಮೇಲೂ, ರಿಜಿಸ್ಟರು, ಮೊಬೈಲಿನ ಪೋಷಣ್ ಟ್ರ್ಯಾಕರು, ಸಮೀಕ್ಷೆಗಳನ್ನೆಲ್ಲ ಒಬ್ಬಳ ತಲೆಗೇ ಕಟ್ಟಿ ಮಕ್ಕಳಿಗೆ ಪಾಠವೂ ಆಗಲಿ ಎಂದು ಬಯಸುವುದು ನ್ಯಾಯವಲ್ಲ.

ಖಾಸಗಿ ಡೇಕೇರಿನ ಕಷ್ಟವೇ ಬೇರೆ. ಒಬ್ಬಾಕೆಗೆ ಐದು ಕೂಸು, ತಲೆಗೆ ತಿಂಗಳಿಗೆ ₹8,000 ಫೀಸು ಎಂದಿಟ್ಟುಕೊಳ್ಳೋಣ. ಬರುವುದು ₹40,000. ಹೊರಮಾವಿನ ಬಾಡಿಗೆ, ಊಟ, ಕರೆಂಟು, ಮಾಲೀಕರ ಪಾಲು ಕಳೆದರೆ ಆಯಾ ಕೈಗೆ ಎಷ್ಟು ಉಳಿದೀತು? ಆಕೆಗೆ ಮರ್ಯಾದೆಯ ಸಂಬಳ ಕೊಡಹೊರಟರೆ ಫೀಸು ಏರುತ್ತದೆ, ₹20,000 ದುಡಿಯುವ ತಾಯಿ ಕೆಲಸ ಬಿಡುತ್ತಾಳೆ. ಫೀಸು ಏರದಿರಲೆಂದರೆ ಒಬ್ಬಳ ಕೈಗೆ ಹತ್ತು ಕೂಸು ಬೀಳುತ್ತದೆ. 2013ರ ರಾಷ್ಟ್ರೀಯ ನೀತಿ ಮೂರು ವರ್ಷದೊಳಗಿನವರಿಗೆ ಒಪ್ಪಿಕೊಂಡಿರುವುದೂ ಹತ್ತಕ್ಕೊಬ್ಬರು ಎಂಬ ಪ್ರಮಾಣವನ್ನೇ. ಹತ್ತು ಕೂಸು ಒಟ್ಟಿಗೆ ಅತ್ತ ಮಧ್ಯಾಹ್ನವನ್ನು ಊಹಿಸಿಕೊಂಡರೆ ಸಾಕು, ಅದರ ಕಷ್ಟ ತಿಳಿಯುತ್ತದೆ. ತಾಯಿಯ ಜೇಬಿನಿಂದಷ್ಟೇ ಈ ಲೆಕ್ಕ ಸರಿಹೋಗದು. ಸರ್ಕಾರಿ ಶಾಲೆಗೆ ತೆರಿಗೆಯ ಹಣ ಹಾಕುವುದನ್ನು ನಾವು ಒಪ್ಪಿರುವಂತೆ ಶಿಶುಪಾಲನೆಗೂ ಹಾಕಬೇಕಾಗುತ್ತದೆ.

ಗ್ರಾಮೀಣ ಕರ್ನಾಟಕದಲ್ಲಿ ಒಂದು ಹೆಜ್ಜೆ ಇಟ್ಟಾಗಿದೆ. 2023ರ ಜುಲೈ ಬಜೆಟ್ಟಿನಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 4,000 ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸರ್ಕಾರ ಹೇಳಿತು. ಹೆಸರೂ ಚೆಂದ, ಉದ್ದೇಶವೂ ಚೆಂದ. ತೊಡಕು ಇದ್ದದ್ದು ಕೂಲಿಯ ನಿಯಮದಲ್ಲಿ. ಆರೈಕೆದಾರರಿಗೂ ನರೇಗಾ ಕೂಲಿಯೇ, ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ, ಆದ್ದರಿಂದ ಸರದಿಯ ಮೇಲೆ ಹೆಂಗಸರು ಬದಲಾಗುತ್ತಿದ್ದರು. ರಸ್ತೆ ಬದಿಯ ಗುಂಡಿ ತೋಡಲು ಯಾರು ಬಂದರೂ ನಡೆಯುತ್ತದೆ. ಎಂಟು ತಿಂಗಳ ಕೂಸು ಹಾಗಲ್ಲ, ಅದಕ್ಕೆ ಗುರುತಿನ ಮುಖ ಬೇಕು. ಹೊಸ ಮುಖ ಕಂಡರೆ ಅಳುವ ವಯಸ್ಸು ಅದು. ಆರೈಕೆಗೆ ಕಾಯಂ ಹುದ್ದೆ ಬೇಕೆನ್ನುವುದು ನೌಕರರ ಹಿತಕ್ಕಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ದಾದಿಯರ ಕೆಲಸವೂ ಒಂದು ಕಾಲಕ್ಕೆ ಹೆಂಗಸರ ಸೇವೆ ಎಂದೇ ಎಣಿಕೆಯಾಗಿತ್ತು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆ ಅದಕ್ಕೆ ದೇಶವ್ಯಾಪಿಯಾಗಿ ಒಂದೇ ಮಟ್ಟದ ತರಬೇತಿ ತಂದಿತು, ನೋಂದಣಿಗೆ ಬೆಲೆ ಬಂತು. ಶಿಶು ಆರೈಕೆಗೂ ಇಂಥದ್ದೇ ಏಣಿ ಕಟ್ಟಬಹುದು. ಪಿಯುಸಿ ಮುಗಿಸಿ ಹೊರಮಾವಿನ ಪ್ಲೇಹೋಮಿಗೆ ಸೇರುವ ಹುಡುಗಿಗೆ ಆರು ತಿಂಗಳ ತರಬೇತಿ ಮತ್ತು ಪ್ರಮಾಣಪತ್ರ, ಐದು ವರ್ಷದ ಅನುಭವಕ್ಕೆ ಮುಂದಿನ ದರ್ಜೆ, ಸಂಜೆ ತರಗತಿಯಲ್ಲಿ ಡಿಪ್ಲೊಮಾ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿಸುವಂಥ ಮಾನವ ಅಭಿವೃದ್ಧಿಯ ಪದವಿಗೆ ದಾರಿ. ಪಿಯುಸಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಕೋರ್ಸು ಕೊಡಬೇಕೆಂದು ಶಿಕ್ಷಣ ನೀತಿ ಆಗಲೇ ಹೇಳಿದೆ. ಆ ಕೋರ್ಸು ಮುಗಿಸಿದವಳ ಕೈಗೆ ಬರುವ ಮೊತ್ತ ಎಷ್ಟು ಏರಬೇಕು ಎಂಬುದನ್ನು ಕೋರ್ಸು ಜಾರಿಗೆ ತರುವ ಆದೇಶದಲ್ಲೇ ಬರೆಯುವುದು ಈಗ ಆಗಬೇಕಾದ ಕೆಲಸ.