ಪುಸ್ತಕ ಮುಚ್ಚಿದ ಮೇಲಿನ ಓದು

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳಿಗೆ ನಾವು ಹೇಳುವುದು ಒಂದೇ ಮಾತು: ಇನ್ನೊಮ್ಮೆ ಓದು. ಹಳಿಯಾಳ, ಜೋಯಿಡಾ ಸೀಮೆಯಲ್ಲಿ ಈ ಮಾತಿನ ಭಾರ ಹೆಚ್ಚು. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ಮರಾಠಿ, ಕೊಂಕಣಿ ಅಥವಾ ಉರ್ದು. ಗೌಳಿವಾಡೆಗಳಲ್ಲಿ ಗೌಳಿಗರದೇ ಮರಾಠಿ, ಸಿದ್ದಿಯರ ಮನೆಗಳಲ್ಲಿ ಅವರದೇ ಕೊಂಕಣಿ. ಪಾಠವಿರುವುದು ಮಾತ್ರ ಪುಸ್ತಕದ ಕನ್ನಡದಲ್ಲಿ. ‘ದ್ಯುತಿಸಂಶ್ಲೇಷಣೆ’ಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುವ ಮಗು, ಹೊಲದ ಕಬ್ಬಿನ ಎಲೆಗೆ ಬಿಸಿಲು ಯಾಕೆ ಬೇಕು ಎಂದರೆ ಸುಮ್ಮನಾಗಬಹುದು. ಅದು ಮಗುವಿನ ದಡ್ಡತನವಲ್ಲ. ಓದಿದ್ದನ್ನು ತನ್ನ ಮಾತಿಗೆ ತಂದುಕೊಳ್ಳಲು ನಾವು ಅವಕಾಶವನ್ನೇ ಕೊಟ್ಟಿಲ್ಲ.

ಮತ್ತೆ ಮತ್ತೆ ಓದುವುದರಲ್ಲಿ ಒಂದು ಮೋಸವಿದೆ. ಸಾಲುಗಳು ಪರಿಚಿತವಾದಷ್ಟೂ ಅರ್ಥವಾಯಿತು ಅನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಒಂದು ಗದ್ಯಭಾಗವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ನೆನಪಾದಷ್ಟನ್ನು ನೋಡದೆ ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಉಳಿದದ್ದು ಶೇ 42, ನೋಡದೆ ಬರೆದವರಲ್ಲಿ ಶೇ 56. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ.

ಇದನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ, ಪಕ್ಕದ ಮುಂಡಗೋಡಕ್ಕೆ ಹೋದರೆ ಸಾಕು. 1966ರಲ್ಲಿ ಟಿಬೆಟನ್ ನಿರಾಶ್ರಿತರು ಬಂದು ನೆಲೆಸಿದ ಅಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಎಳೆಯ ಭಿಕ್ಷುಗಳು ಗ್ರಂಥಗಳನ್ನು ಗಟ್ಟಿಯಾಗಿ ಹೇಳುತ್ತ ಬಾಯಿಪಾಠ ಮಾಡುತ್ತಾರೆ. ನಮ್ಮ ಶಾಲೆಗಳ ಓದು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ, ಅವರದು ಅಲ್ಲಿಂದ ಶುರುವಾಗುತ್ತದೆ. ಅಂಗಳದಲ್ಲಿ ಒಬ್ಬ ನೆಲದ ಮೇಲೆ ಕೂರುತ್ತಾನೆ. ಇನ್ನೊಬ್ಬ ಎದುರು ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕೂತವನು ಪುಸ್ತಕ ತೆರೆಯುವಂತಿಲ್ಲ. ಕೊಟ್ಟ ಉತ್ತರ ಹಿಂದಿನ ಉತ್ತರಕ್ಕೆ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಗೆಶೆ ಪದವಿಯವರೆಗೆ ವರ್ಷಗಟ್ಟಲೆ ಇದೇ ಅಭ್ಯಾಸ. ಹಾಗಾಗಿ ಬಾಯಿಪಾಠವನ್ನು ಬಯ್ಯುವವರ ಜೊತೆ ನಾನಿಲ್ಲ. ಮಗ್ಗಿಯೂ ಪದ್ಯವೂ ಬಾಯಿಗೆ ಬರಲಿ. ಪ್ರಶ್ನೆಯೇ ಇಲ್ಲದ ಬಾಯಿಪಾಠದ ಬಗ್ಗೆ ಮಾತ್ರ ನನ್ನ ತಕರಾರು.

ಆ ಪ್ರಶ್ನೆಯನ್ನು ನಮ್ಮ ಶಾಲೆಗಳಿಗೂ ತರಬಹುದು. ಪ್ರತಿ ಪಿರಿಯಡ್ಡಿನ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಜೋಡಿಯಾಗಿ ಕೂರಿಸಬೇಕು. ಪಾಠವನ್ನು ಒಬ್ಬರು ಹೇಳಲಿ, ಇನ್ನೊಬ್ಬರು ‘ಯಾಕೆ’ ಎಂದು ಕೇಳಲಿ. ಹೇಳುವುದು ಮರಾಠಿಯಲ್ಲೋ ಕೊಂಕಣಿಯಲ್ಲೋ ಆದರೂ ತಡೆಯಬಾರದು. ಆಮೇಲೆ ಅದನ್ನೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಮರುದಿನ ಒಮ್ಮೆ, ಮುಂದಿನ ವಾರ ಒಮ್ಮೆ ಅದೇ ಪ್ರಶ್ನೆ ತಿರುಗಿ ಬರಲಿ. ಇದರಿಂದ ಕನ್ನಡಕ್ಕೆ ಪೆಟ್ಟು ಎಂಬ ಆತಂಕ ಗಡಿಭಾಗದಲ್ಲಿ ಸಹಜ. ಆದರೆ ಅರ್ಥವಾಗದೆ ಕಂಠಪಾಠ ಮಾಡಿದ ಕನ್ನಡ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಅರ್ಥವಾದ ವಿಷಯವನ್ನು ಹೇಳಲು ಹುಡುಕಿಕೊಂಡ ಕನ್ನಡ ಪದ ಮಗುವಿನದೇ ಆಗುತ್ತದೆ. ಪಠ್ಯ ಮುಗಿಸುವ ಒತ್ತಡ ಶಿಕ್ಷಕರಿಗಿದೆ, ನಿಜ. ಆದರೆ ಮುಗಿಯಬೇಕಾದದ್ದು ಪಠ್ಯವೋ, ಮಕ್ಕಳ ಕಲಿಕೆಯೋ?

ಓದು ಬಾರದ ತಾಯಂದಿರು ‘ನಮಗೇನು ತಿಳೀತದ’ ಎಂದು ಹಿಂದೆ ಸರಿಯಬಾರದು. ಮಗು ಪುಸ್ತಕದ ಪದಗಳ ಹಿಂದೆ ಅಡಗಲಾಗದ್ದು ಅವರ ಎದುರಿಗೇ. ಇವತ್ತು ಸಂಜೆ ಒಲೆಯ ಮುಂದೆ ಕೂರಿಸಿಕೊಂಡು ಕೇಳಿ: ಇವತ್ತು ಏನು ಕಲಿತಿ, ನನಗೆ ತಿಳಿಯೋ ಹಂಗ ಹೇಳು.