ಹಳೆಯ ಕೂರಿಗೆಗೆ ಬೆಲೆ ಎಷ್ಟು?

ಬೇಮಳಖೇಡದ ರೈತರು ಹುಮನಾಬಾದ್ ಮಾರುಕಟ್ಟೆಗೆ ತೊಗರಿ ಒಯ್ದರೆ, ಬೆಂಬಲ ಬೆಲೆಯೆಂಬ ಅಳತೆಗೋಲಾದರೂ ಉಂಟು. ಅಟ್ಟದ ಮೇಲಿನ ಹಳೆಯ ಕೂರಿಗೆ, ಹಿತ್ತಾಳೆ ಸೇರುಗಳಿಗೆ ಅದೂ ಇಲ್ಲ. ಲಿಲಾವಿನಲ್ಲಿ ಬಯಸುವವರು ಇಬ್ಬರಿದ್ದರೆ ಬೆಲೆ ಏರುತ್ತದೆ; ಒಬ್ಬನೇ ಇದ್ದರೆ ಗುಜರಿ ತೂಕಕ್ಕೆ ಇಳಿಯುತ್ತದೆ. ಆದ್ದರಿಂದ ಮಾರುವವರು ಲೋಹದ ತೂಕದ ದರ ವಿಚಾರಿಸಿ, ಕನಿಷ್ಠ ಬೆಲೆಯನ್ನು ಮೊದಲೇ ಸಾರಬೇಕು. ಕೊಳ್ಳುವವರು ತಮ್ಮ ಮಿತಿಯನ್ನು ಮನೆಯಲ್ಲೇ ನಿಶ್ಚಯಿಸಿಕೊಂಡು ಹೋಗಬೇಕು. ಹಟಕ್ಕೆ ಬಿದ್ದು ಕೂಗಿದ ಸವಾಲನ್ನು ಬೆಳೆ ತೀರಿಸಲಾರದು. ಪರದೇಶದ ಬೆಲೆಯ ಆಸೆ ತೋರಿಸುವ ದಲ್ಲಾಳಿಯ ಮಾತಿಗೆ ಮರುಳಾಗಬೇಡಿ. ನೂರು ವರ್ಷ ತುಂಬಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ. ಹೊಳಪಿನ ಆಸೆಗೆ ಸೇರನ್ನು ತಿಕ್ಕಿ, ಕೆತ್ತಿದ ಹೆಸರು, ಮುದ್ರೆ ಅಳಿಸಬೇಡಿ. ಗುಜರಿಯಿಂದ ಅದನ್ನು ಬೇರ್ಪಡಿಸುವ ಸಾಕ್ಷಿ ಅದೇ. ರೈತರು ಅವಸರದಲ್ಲಿ ಮಾರದಿರುವುದೇ ಲೇಸು.