ನೋಟಿಸು ಓದದೆ ತೆರಿಗೆ ಕಟ್ಟಬೇಡಿ

ಪಂಚಾಯತಿನಿಂದ ಮನೆ ತೆರಿಗೆಯ ನೋಟಿಸು ಬರುತ್ತದೆ, ಮಲಯಾಳದಲ್ಲಿ. ಅಪ್ಪನಿಗೆ ಓದಲು ಬರುವುದಿಲ್ಲ, ನಮಗೆ ಪುರುಸೊತ್ತಿಲ್ಲ. ಕೊನೆಯ ಮೊತ್ತ ಒಂದು ಅರ್ಥವಾಗುತ್ತದೆ, ಕಟ್ಟಿಬಿಡುತ್ತೇವೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಕನ್ನಡದ ಮನೆಗಳಲ್ಲಿ ನಡೆಯುವುದು ಇಷ್ಟೇ.

ಆದರೆ ಆ ಮೊತ್ತದ ಹಿಂದೆ ಒಂದು ಲೆಕ್ಕ ಇದೆ. ಕೇರಳದಲ್ಲಿ ಕಟ್ಟಡ ತೆರಿಗೆ ಮುಖ್ಯವಾಗಿ ನಿಂತಿರುವುದು ವಿಸ್ತೀರ್ಣದ ಮೇಲೆ. 2023ರಿಂದ ವರ್ಷಕ್ಕೆ ಶೇ. 5ರಷ್ಟು ಏರಿಕೆಯೂ ಇದೆ. ಲೆಕ್ಕ ತಪ್ಪಿದ್ದರೆ ಆ ತಪ್ಪೂ ವರ್ಷ ವರ್ಷ ಬೆಳೆಯುತ್ತದೆ. ಅದೇ 2023ರಲ್ಲಿ, ಒಂದೇ ಮನೆ ಇರುವವರು ತಾವೇ ವಾಸಿಸುವ 60 ಚದರ ಮೀಟರ್ ವರೆಗಿನ ಮನೆಗೆ ತೆರಿಗೆ ವಿನಾಯಿತಿ ಬಂತು. ಫ್ಲ್ಯಾಟುಗಳಿಗೆ ಅದು ಇಲ್ಲ.

ಈಗ ನೋಡಿ. 24 ಅಡಿ ಅಗಲ, 26 ಅಡಿ ಉದ್ದದ ಮನೆ ಅಂದರೆ 624 ಚದರ ಅಡಿ, ಸುಮಾರು 58 ಚದರ ಮೀಟರ್. ಅಳೆಯಲು ಬಂದವರು ಉದ್ದ 27 ಅಂತ ಬರೆದುಕೊಂಡರೆ 648 ಚದರ ಅಡಿ, 60.2 ಚದರ ಮೀಟರ್. ಒಂದೇ ಒಂದು ಅಡಿಯ ತಪ್ಪಿಗೆ ಇಡೀ ವಿನಾಯಿತಿ ಹೋಯಿತು!

ಹಾಗಾಗಿ ಮೊದಲು ನಾವೇ ಟೇಪು ಹಿಡಿದು ಮನೆ ಅಳೆಯೋಣ. ಪಂಚಾಯತಿನಲ್ಲಿ ಲೆಕ್ಕದ ಪ್ರತಿ ಕೇಳೋಣ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ವ್ಯತ್ಯಾಸ ಕಂಡರೆ ನೋಟಿಸಿನ ಗಡುವಿನೊಳಗೆ ಲಿಖಿತ ಅಪೀಲು ಕೊಡಬೇಕು. "ಮೆಂಬರ್‌ಗೆ ಹೇಳಿದ್ದೇವೆ" ಅಂದರೆ ಅಪೀಲು ಆಗುವುದಿಲ್ಲ ಮಾರಾಯ್ರೇ. ಅರ್ಜಿಯ ಎರಡನೇ ಪ್ರತಿಗೆ ಸೀಲು, ತಾರೀಕು ಹಾಕಿಸಿ ಇಟ್ಟುಕೊಳ್ಳಿ. ಅಪೀಲು ಹಾಕಿದ್ದೇವೆ ಅಂತ ತೆರಿಗೆ ಬಾಕಿ ಇಡಬೇಡಿ. ನಾಳೆ ಬ್ಯಾಂಕಿನಲ್ಲಿ ಮನೆ ಸಾಲ ಕೇಳುವಾಗ ತೆರಿಗೆ ರಶೀದಿಯೂ ಬೇಕು.

ಇನ್ನು ಭಾಷೆಯ ಮಾತು. ಈ ಅಪೀಲನ್ನು ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಸೊಲ್ಲಾಪುರ, ತಾಳವಾಡಿ, ರಾಯದುರ್ಗದ ಗೆಳೆಯರೇ, ನಿಮ್ಮಲ್ಲಿ ತೆರಿಗೆಯ ನಿಯಮ ಬೇರೆ ಇರಬಹುದು, ಈ ವಿಧಿ ಮಾತ್ರ ಎಲ್ಲರಿಗೂ ಒಂದೇ.

"ಕನ್ನಡದಲ್ಲಿ ಕೊಟ್ಟರೆ ಮೂಲೆಗೆ ಹಾಕುತ್ತಾರೆ" ಅನ್ನುವ ಹೆದರಿಕೆ ನಮಗೂ ಗೊತ್ತು. ಬೇಕಿದ್ದರೆ ಮಲಯಾಳದ ಅನುವಾದವನ್ನೂ ಲಗತ್ತಿಸಿ, ಆದರೆ ಕನ್ನಡದ ಅರ್ಜಿಯನ್ನು ಬಿಡಬೇಡಿ. ಕನ್ನಡದ ಅರ್ಜಿಗಳೇ ಬರದ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತ ಬೇಕು ಅಂತ ನಾವು ಯಾವ ಮುಖದಲ್ಲಿ ಕೇಳುವುದು?

ನವೆಂಬರ್ ಒಂದಕ್ಕೆ ಬಾವುಟ ಹಾರಿಸೋಣ, ಬೇಡ ಅನ್ನುವವರಿಲ್ಲ. ಅದಕ್ಕೂ ಮೊದಲು ಈ ಭಾನುವಾರ ಪಕ್ಕದ ಮನೆಯ ಅಜ್ಜಿಯ ನೋಟಿಸು ಓದಿ ಹೇಳೋಣ. ತಪ್ಪಿದ್ದರೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡೋಣ.